ಹಾರ್ಡ್ ಡಿಸ್ಕಲ್ಲಿರೋ ಫೋಟೋಗಳು 20 ವರ್ಷ ಉಳೀಬೇಕು ಅಂದ್ರೆ ಏನ್ ಮಾಡ್ಬೇಕು?

ಪ್ರಶ್ನೆ: ಸರ್, ನಮ್ಮನೆ ಫೋಟೋ, ವಿಡಿಯೋ, ಸ್ಕ್ಯಾನ್ ಮಾಡಿಟ್ಟ ಹಳೇ ಕಾಗದಪತ್ರ ಎಲ್ಲಾ ಸೇರಿ ಸುಮಾರು 3 ಟಿಬಿ ಇದೆ. ಎಲ್ಲಾ ಒಂದೇ ಎಕ್ಸ್‌ಟರ್ನಲ್ ಹಾರ್ಡ್ ಡಿಸ್ಕಲ್ಲಿದೆ, ಅದಕ್ಕೆ ಆರು ವರ್ಷ ಆಯ್ತು, ಸುಮ್ನೆ ಇದ್ದಾಗ ಆಗಾಗ ಒಂದ್ಸಲ ಟಿಕ್ ಅಂತ ಸದ್ದು ಬರತ್ತೆ. ಹೆಲ್ತ್ ನೋಡೋ ಸಾಫ್ಟ್‌ವೇರ್ ಹಾಕಿದ್ರೆ 'ಗುಡ್' ಅಂತ ತೋರಿಸ್ತಿದೆ. ಯಾವ ಕಂಪನಿ ಡಿಸ್ಕ್ ತಗೊಂಡ್ರೆ 20 ವರ್ಷ ಬರತ್ತೆ? ದಿನಾ ಆನ್ ಇಟ್ಟಿರೋದು ಒಳ್ಳೇದಾ, ಇಲ್ಲಾ ಕಾಪಿ ಮಾಡಿ ಬೀರುನಲ್ಲಿ ಇಟ್ಬಿಡ್ಲಾ? ಎಲ್ರೂ ಎಸ್‌ಎಸ್‌ಡಿ ತಗೋ ಅಂತಾರೆ, ಅದು ಇನ್ನೂ ಗಟ್ಟಿನಾ?

ಉತ್ತರ: ಉಳಿದಿದ್ದೆಲ್ಲಾ ಆಮೇಲೆ, ಮೊದ್ಲು ಇನ್ನೊಂದು ಡಿಸ್ಕ್ ತಂದು ಕಾಪಿ ಮಾಡ್ಕೊಳ್ಳಿ. ಟೆಸ್ಟು ಗಿಸ್ಟು ಏನೂ ಈಗ್ಲೇ ಓಡಿಸ್ಬೇಡಿ, ಯಾಕಂದ್ರೆ ಅದು ಆರು ವರ್ಷದ ಡಿಸ್ಕು, ಇರೋದು ಒಂದೇ ಕಾಪಿ, ಪೂರ್ತಿ ಡಿಸ್ಕ್ ಓದೋ ಟೆಸ್ಟ್ ಗಂಟೆಗಟ್ಲೆ ಓಡತ್ತೆ, ಟೆಸ್ಟ್ ಮಾಡ್ತಾ ಮಾಡ್ತಾನೇ ಡಿಸ್ಕ್ ಕೈ ಕೊಟ್ರೆ ಯಾರಿಗೇನು ಲಾಭ, ಹೇಗೂ ಪೂರ್ತಿ ಓದ್ಬೇಕು ಅಂತಿದ್ರೆ ಕಾಪಿ ಆಗ್ತಾ ಓದ್ಲಿ. ಕಾಪಿ ಮಾಡೋವಾಗ್ಲೂ ಮತ್ತೆಲ್ಲೂ ಸಿಗದೇ ಇರೋದು ಮೊದ್ಲು, ಅಂದ್ರೆ ಫೋಟೋ, ಮನೆ ವಿಡಿಯೋ, ಸ್ಕ್ಯಾನ್‌ಗಳು. ಡೌನ್‌ಲೋಡ್ ಮಾಡಿದ ಸಿನಿಮಾಗಳು ಕೊನೆಗೆ ಹೋಗ್ಲಿ. ಆ ಟಿಕ್ ಸದ್ದು ಸುಮ್ನೆ ಇದ್ದಾಗ ಅಪರೂಪಕ್ಕೆ ಒಂದ್ಸಲ ಬರ್ತಿದ್ರೆ ಅದು ಹೆಡ್ (ಡಿಸ್ಕ್ ಒಳಗೆ ಡೇಟಾ ಓದಿ ಬರೆಯೋ ಭಾಗ) ತನ್ನ ಜಾಗಕ್ಕೆ ಹೋಗಿ ಪಾರ್ಕ್ ಆಗೋ ಸದ್ದೇ ಇರತ್ತೆ ಜಾಸ್ತಿ, ಗಾಬರಿ ಬೇಡ. ತಾಳ ಹಾಕಿದ ಹಾಗೆ ಟಿಕ್ ಟಿಕ್ ಟಿಕ್ ಅಂತ ಬರ್ತಾನೇ ಇದ್ದು ಡಿಸ್ಕ್ ಕಂಪ್ಯೂಟರ್‌ನಲ್ಲಿ ಕಾಣಿಸ್ಲೇ ಇಲ್ಲ ಅಂದ್ರೆ ಅದು ಬೇರೆ ಕಥೆ, ಕೊನೇಲಿ ಹೇಳ್ತೀನಿ.

ಈಗ ಕಂಪನಿ ವಿಷ್ಯ. 20 ವರ್ಷ ಬರತ್ತೆ ಅಂತ ಯಾವ ಕಂಪನಿನೂ ಹೇಳಲ್ಲ, ವಾರಂಟಿ ನೋಡಿ, 2 ವರ್ಷ, 3 ವರ್ಷ, ದೊಡ್ಡ ಮಾಡೆಲ್‌ಗಳಿಗೆ 5 ವರ್ಷ, ಅಷ್ಟೇ. ಅದೂ ವಾರಂಟಿಯಲ್ಲಿ ಸಿಗೋದು ಬದಲಿ ಡಿಸ್ಕು, ಖಾಲಿ ಡಿಸ್ಕು. 1956ರಲ್ಲಿ ಪ್ರಪಂಚದ ಮೊದಲ ಹಾರ್ಡ್ ಡಿಸ್ಕ್ ಮಾಡಿದ್ದು ಐಬಿಎಂ, ಅದೇ ಐಬಿಎಂ 2000ದಲ್ಲಿ ಬಿಟ್ಟ ಡೆಸ್ಕ್‌ಸ್ಟಾರ್ 75ಜಿಎಕ್ಸ್‌ಪಿ ಎಷ್ಟು ಕೆಟ್ಟೋಯ್ತು ಅಂದ್ರೆ ಜನ ಅದಕ್ಕೆ 'ಡೆತ್‌ಸ್ಟಾರ್' ಅಂತಾನೇ ಹೆಸರಿಟ್ರು, ಕೋರ್ಟಿಗೂ ಹೋದ್ರು. ಬ್ಯಾಕ್‌ಬ್ಲೇಜ್ ಅನ್ನೋ ಕ್ಲೌಡ್ ಕಂಪನಿ 2013ರಿಂದ ತಾವು ಓಡಿಸೋ ಡಿಸ್ಕ್‌ಗಳಲ್ಲಿ ಯಾವ ಮಾಡೆಲ್ ಎಷ್ಟು ಸತ್ತವು ಅಂತ ಲೆಕ್ಕ ಬಿಡ್ತಾ ಬಂದಿದೆ, ಅದನ್ನ ನೋಡಿದ್ರೆ ಒಂದೇ ಕಂಪನಿಯ ಒಂದು ಮಾಡೆಲ್ ಚಿನ್ನದಂಥಾದ್ದು, ಇನ್ನೊಂದು ದಂಡ ಅನ್ನೋದು ಗೊತ್ತಾಗತ್ತೆ, ಆದ್ರೆ ಒಂದು ಮಾಡೆಲ್‌ದು ಐದಾರು ವರ್ಷದ ಜಾತಕ ಸಿಗೋ ಹೊತ್ತಿಗೆ ಆ ಮಾಡೆಲ್ ಮಾರ್ಕೆಟ್ಟಲ್ಲೇ ಇರಲ್ಲ. ಅದಕ್ಕೇ ನಾನು ಬ್ರ್ಯಾಂಡ್ ಬಗ್ಗೆ ತಲೆ ಕೆಡಿಸ್ಕೊಳಲ್ಲ. ಎರಡು ಡಿಸ್ಕ್ ತಗೊಳ್ಳೋದಾದ್ರೆ ಎರಡೂ ಒಂದೇ ಮಾಡೆಲ್, ಒಂದೇ ದಿನ, ಒಂದೇ ಡಬ್ಬದಿಂದ ತಗೋಬೇಡಿ ಅಂತ ಮಾತ್ರ ಹೇಳ್ತೀನಿ, ಒಂದು ಬ್ಯಾಚ್‌ನಲ್ಲಿ ದೋಷ ಇದ್ರೆ ಎರಡೂ ಒಟ್ಟಿಗೇ ಹೋಗತ್ತೆ.

ಸ್ಪೆಕ್ ಶೀಟಲ್ಲಿ ಎಂಟಿಬಿಎಫ್ (ಒಂದು ಸಲ ಕೆಟ್ಟು ಇನ್ನೊಂದು ಸಲ ಕೆಡೋ ಮಧ್ಯದ ಸರಾಸರಿ ಸಮಯ) 10 ಲಕ್ಷ ಗಂಟೆ ಅಂತ ಬರೆದಿರ್ತಾರೆ, ಭಾಗಿಸಿ ನೋಡಿದ್ರೆ 114 ವರ್ಷ, ಅಬ್ಬಾ ಅನ್ಸತ್ತೆ. ಅದು ನಿಮ್ಮ ಒಂದು ಡಿಸ್ಕಿನ ಆಯಸ್ಸಲ್ಲ, ತುಂಬಾ ಡಿಸ್ಕ್ ಒಟ್ಟಿಗೆ ಓಡಿಸಿದ್ರೆ ವರ್ಷಕ್ಕೆ ಸುಮಾರು 0.88% ಸಾಯಬಹುದು ಅನ್ನೋ ಲೆಕ್ಕ. 2007ರಲ್ಲಿ ಕಾರ್ನೆಗಿ ಮೆಲನ್ ಯೂನಿವರ್ಸಿಟಿಯ ಬಿಯಾಂಕಾ ಶ್ರೋಡರ್ ಮತ್ತೆ ಗಾರ್ತ್ ಗಿಬ್ಸನ್ ನಿಜವಾಗಿ ಓಡ್ತಿದ್ದ ಸಿಸ್ಟಮ್‌ಗಳ ದಾಖಲೆ ತೆಗೆದು ನೋಡಿದಾಗ ವರ್ಷಕ್ಕೆ 2ರಿಂದ 4% ಬದಲಾಯಿಸ್ಬೇಕಾಗಿ ಬಂದಿದ್ದು ಸಾಮಾನ್ಯ, ಕೆಲವು ಕಡೆ 13% ತನಕ ಹೋಗಿತ್ತು. ಸರಿ, ನಾವು 3% ಅಂತಾನೇ ಇಟ್ಕೊಳೋಣ, 20 ವರ್ಷಕ್ಕೆ ಲೆಕ್ಕ ಹಾಕಿದ್ರೆ ಆ ಡಿಸ್ಕ್ ಬದುಕಿರೋ ಸಾಧ್ಯತೆ 54% ಆಸುಪಾಸು. ಡಿಸ್ಕಿಗೆ ವಯಸ್ಸಾದ ಹಾಗೆ ಆ 3% ಮೇಲೇರತ್ತೆ, ಹಾಗಾಗಿ ನಿಜವಾದ ಅಂಕಿ ಇನ್ನೂ ಕಮ್ಮಿ. ಅಂದ್ರೆ ನೀವು ಕೇಳ್ಬೇಕಾಗಿದ್ದು 'ಯಾವ ಡಿಸ್ಕ್ ಸಾಯಲ್ಲ' ಅಂತ ಅಲ್ಲ, ಡಿಸ್ಕ್ ಸತ್ರೂ ಡೇಟಾ ಉಳಿಯೋದು ಹೇಗೆ, ಮತ್ತೆ ಸಾಯ್ತಿದೆ ಅನ್ನೋದು ನಮಗೆ ಮೊದಲೇ ಗೊತ್ತಾಗೋದು ಹೇಗೆ ಅಂತ.

ದಿನಾ ಆನ್ ಇಡೋದಾ ಬೀರುನಲ್ಲಿ ಇಡೋದಾ ಅನ್ನೋದಕ್ಕೆ ಒಳಗೆ ಏನಾಗತ್ತೆ ಅಂತ ಸ್ವಲ್ಪ ತಿಳ್ಕೊಂಡ್ರೆ ಉತ್ತರ ತಾನಾಗೇ ಸಿಗತ್ತೆ. ಒಳಗಡೆ ಪ್ಲ್ಯಾಟರ್, ಅಂದ್ರೆ ಡೇಟಾ ಬರೆದಿರೋ ತಟ್ಟೆ, ನಿಮಿಷಕ್ಕೆ 5400 ಅಥ್ವಾ 7200 ಸುತ್ತು ತಿರುಗ್ತಿರತ್ತೆ, ಹೆಡ್ ಅದರ ಮೇಲೆ ಕೆಲವೇ ನ್ಯಾನೋಮೀಟರ್ ಅಂತರದಲ್ಲಿ ತೇಲ್ತಿರತ್ತೆ, ಮುಟ್ಟಲ್ಲ. ತಿರುಗ್ತಿರೋವಾಗ ಟೇಬಲ್ಲಿಂದ ಬಿತ್ತು ಅಂದ್ರೆ ಹೆಡ್ ಹೋಗಿ ಪ್ಲ್ಯಾಟರ್‌ಗೆ ಬಡಿಯತ್ತೆ, ಗೀರು ಬಿದ್ದ ಜಾಗದ ಡೇಟಾ ಹೋಯ್ತು ಅಂತಾನೇ. ಆಫ್ ಆದಾಗ ಹೆಡ್ ಪಕ್ಕದ ರ‍್ಯಾಂಪ್ ಮೇಲೆ ಹೋಗಿ ಕೂತ್ಕೊಳತ್ತೆ, ಆಗ ಅದೇ ಡಿಸ್ಕ್ ಎಷ್ಟೋ ಪಟ್ಟು ಜಾಸ್ತಿ ಏಟು ತಡ್ಕೊಳತ್ತೆ. ಆದ್ರಿಂದ ಹಾಸಿಗೆ ಮೇಲೆ, ತೊಡೆ ಮೇಲೆ ಇಟ್ಕೊಂಡು ಕಾಪಿ ಮಾಡೋ ಅಭ್ಯಾಸ ಇದ್ರೆ ಬಿಟ್ಬಿಡಿ, ಬಿಸಿನೂ ಹೊರಗೆ ಹೋಗಲ್ಲ, ಜಾರಿ ಬೀಳೋದೂ ಸುಲಭ. ಆಫ್ ಮಾಡಿದ ಮೇಲೂ ಹತ್ತಿಪ್ಪತ್ತು ಸೆಕೆಂಡ್ ಬಿಟ್ಟು ಎತ್ತಿ, ಪ್ಲ್ಯಾಟರ್ ನಿಲ್ಲೋಕೆ ಸಮಯ ಬೇಕು. ಮಲಗಿಸಿ ಇಡೋದಾ ನಿಲ್ಲಿಸಿ ಇಡೋದಾ ಅಂತ ತುಂಬಾ ಜನ ಕೇಳ್ತಾರೆ, ಎರಡೂ ಒಂದೇ, ಓಡ್ತಿರೋವಾಗ ಅಲ್ಲಾಡಿಸ್ದೇ ಇದ್ರೆ ಆಯ್ತು.

ದಿನಾ ಓಡ್ತಾ ಇದ್ರೆ ಬೇರಿಂಗ್, ಹೆಡ್, ಮೋಟಾರ್ ಸವೆಯತ್ತೆ, ಪವರ್ ಏರುಪೇರಿಗೂ ಸಿಗತ್ತೆ, ಮುಖ್ಯವಾಗಿ ರ‍್ಯಾನ್ಸಮ್‌ವೇರ್ (ಫೈಲ್ ಲಾಕ್ ಮಾಡಿ ದುಡ್ಡು ಕೇಳೋ ವೈರಸ್) ಬಂದ್ರೆ ಕನೆಕ್ಟ್ ಆಗಿರೋದೆಲ್ಲಾ ಲಾಕ್ ಆಗೋಗತ್ತೆ, ತಪ್ಪಾಗಿ ಡಿಲೀಟ್ ಮಾಡಿದ್ದೂ ಅಲ್ಲೇ ಆಗತ್ತೆ. ಇನ್ನೊಂದು ವಿಚಿತ್ರ ಸಮಸ್ಯೆ ಇದೆ, ಕರೆಂಟ್ ಉಳಿಸೋಕೆ ಅಂತ ಕೆಲವು ಡಿಸ್ಕ್ ಪದೇ ಪದೇ ಹೆಡ್ ಪಾರ್ಕ್ ಮಾಡ್ತಾವೆ, ಹಿಂದೆ ಡಬ್ಲ್ಯೂಡಿ ಗ್ರೀನ್ ಮಾಡೆಲ್‌ಗಳು 8 ಸೆಕೆಂಡ್ ಸುಮ್ನಿದ್ರೆ ಸಾಕು ಪಾರ್ಕ್ ಮಾಡ್ತಿದ್ವು. ಸಾಮಾನ್ಯವಾಗಿ ಒಂದು ಡಿಸ್ಕಿಗೆ 3 ಲಕ್ಷ ಅಥ್ವಾ 6 ಲಕ್ಷ ಸಲ ಹೀಗೆ ಪಾರ್ಕ್ ಆಗ್ಬಹುದು ಅಂತ ಮಿತಿ ಬರೆದಿರ್ತಾರೆ, ಅರ್ಧ ನಿಮಿಷಕ್ಕೊಂದು ಸಲ ಅಂದ್ರೆ ದಿನಕ್ಕೆ 2880, ಮೂರೂವರೆ ತಿಂಗಳಲ್ಲಿ 3 ಲಕ್ಷ ಖಲಾಸ್. ಡಿಸ್ಕ್ ತನ್ನ ಆರೋಗ್ಯದ ಲೆಕ್ಕ ತಾನೇ ಇಡೋ ಸ್ಮಾರ್ಟ್ ಪಟ್ಟಿಯಲ್ಲಿ (ಹೆಲ್ತ್ ನೋಡೋ ಸಾಫ್ಟ್‌ವೇರಲ್ಲಿ ಕಾಣತ್ತೆ) 193ನೇ ನಂಬರ್ 'ಲೋಡ್ ಸೈಕಲ್ ಕೌಂಟ್' ನೋಡಿದ್ರೆ ನಿಮ್ಮದು ಎಷ್ಟಾಗಿದೆ ಅಂತ ಗೊತ್ತಾಗತ್ತೆ.

ಹಾಗಂತ ಬೀರುನಲ್ಲಿ ಇಟ್ಟು ಹತ್ತು ವರ್ಷ ಮರೆತುಬಿಡೋದು ಇನ್ನೂ ಕೆಟ್ಟ ಐಡಿಯಾ. ಪ್ಲ್ಯಾಟರ್ ಮೇಲಿನ ಮ್ಯಾಗ್ನೆಟಿಕ್ ಗುರುತು ಅಷ್ಟು ಬೇಗ ಅಳಿಸಲ್ಲ, ಅದಲ್ಲ ಭಯ. ಭಯ ಏನಂದ್ರೆ ಡಿಸ್ಕಿಗೆ ತನ್ನ ಒಂದು ಸೆಕ್ಟರ್ (ಡೇಟಾ ಬರೆಯೋ ಸಣ್ಣ ತುಂಡು ಜಾಗ) ಕೆಡ್ತಿದೆ ಅಂತ ತಿಳಿಯೋದೇ ಅದನ್ನ ಓದೋಕೆ ಹೋದಾಗ. ಪ್ರತಿ ಸೆಕ್ಟರ್ ಜೊತೆ ತಪ್ಪು ತಿದ್ದೋ ಕೋಡ್ ಇರತ್ತೆ, ಸಣ್ಣಪುಟ್ಟ ದೋಷ ಇದ್ರೆ ಓದುವಾಗ ಅದೇ ಸರಿ ಮಾಡ್ಕೊಳತ್ತೆ, ದೋಷ ಜಾಸ್ತಿಯಾದ್ರೆ ಓದೋಕಾಗಲ್ಲ ಅಂತ ಕೈ ಎತ್ತಿ ಆ ಸೆಕ್ಟರ್‌ನ 'ಪೆಂಡಿಂಗ್' ಅಂತ ಗುರುತು ಹಾಕತ್ತೆ. ಯಾರೂ ಓದ್ಲೇ ಇಲ್ಲ ಅಂದ್ರೆ? ಎಲ್ಲಾ ಚೆನ್ನಾಗಿದೆ ಅಂತಾನೇ ಲೆಕ್ಕ. ಓದಿ ನೋಡದೇ ಇರೋ ಬ್ಯಾಕಪ್ ಬ್ಯಾಕಪ್ಪೇ ಅಲ್ಲ, ಇದೆ ಅನ್ನೋ ನಂಬಿಕೆ ಅಷ್ಟೇ.

ಹಾಗಾಗಿ ನಾನು ಹೇಳೋದು, ಬ್ಯಾಕಪ್ ಡಿಸ್ಕ್ ಆಫ್ ಆಗೇ ಇರ್ಲಿ, ಆದ್ರೆ ಮೂರು ತಿಂಗಳಿಗೋ ಆರು ತಿಂಗಳಿಗೋ ಒಂದ್ಸಲ ತೆಗೆದು, ಹೊಸದೇನಿದೆ ಕಾಪಿ ಮಾಡಿ, ಪೂರ್ತಿ ಡಿಸ್ಕ್ ಒಂದ್ಸಲ ಓದಿಸಿ. ಸ್ಮಾರ್ಟ್‌ಮಾನ್‌ಟೂಲ್ಸ್ ಅನ್ನೋ ಸಾಫ್ಟ್‌ವೇರಲ್ಲಿ 'ಲಾಂಗ್ ಟೆಸ್ಟ್' ಅಂತಿದೆ, ಡಿಸ್ಕ್ ತನ್ನನ್ನ ತಾನೇ ಮೊದಲಿಂದ ಕೊನೇ ತನಕ ಓದ್ಕೊಳತ್ತೆ, 4 ಟಿಬಿ ಡಿಸ್ಕ್ ಅಂದ್ರೆ ಎಂಟು ಹತ್ತು ಗಂಟೆ ಹಿಡಿಯತ್ತೆ, ರಾತ್ರಿ ಹಾಕಿ ಮಲಗಿ. ಕೆಲವು ಯುಎಸ್‌ಬಿ ಡಬ್ಬಗಳು ಸ್ಮಾರ್ಟ್ ಮಾಹಿತಿ ಕೊಡೋದೇ ಇಲ್ಲ, ಕೆಲವು ಟೆಸ್ಟ್ ಮಧ್ಯೆ ಡಿಸ್ಕ್‌ನ ಮಲಗಿಸಿಬಿಡ್ತಾವೆ, ಅಂಥದ್ರಲ್ಲಿ ಫೈಲ್‌ಗಳ ಹ್ಯಾಶ್ (ಫೈಲಿನ ಒಳಗಿರೋದನ್ನ ಲೆಕ್ಕ ಹಾಕಿ ತೆಗೆದ ಬೆರಳಚ್ಚಿನಂಥಾ ಸಂಖ್ಯೆ) ಚೆಕ್ ಮಾಡಿದ್ರೂ ಓದಿದ ಹಾಗೇ ಆಯ್ತು.

'ಗುಡ್' ಬಗ್ಗೆ ಕೇಳಿದ್ರಲ್ಲ. ಆ ಹಸಿರು ಬಣ್ಣನ ನಂಬ್ಬೇಡಿ, ಒಳಗಿನ ಸ್ಮಾರ್ಟ್ ಪಟ್ಟಿಯ ನಂಬರ್ ನೋಡಿ. 5ನೇ ನಂಬರ್ ರೀಅಲೋಕೇಟೆಡ್ ಸೆಕ್ಟರ್, ಅಂದ್ರೆ ಕೆಟ್ಟುಹೋಗಿ ಸ್ಪೇರ್ ಜಾಗಕ್ಕೆ ಹೋದವು. 197 ಪೆಂಡಿಂಗ್, 198 ಓದೋಕೇ ಆಗದೇ ಇದ್ದವು, 187 ಓದೋಕಾಗ್ಲಿಲ್ಲ ಅಂತ ಕಂಪ್ಯೂಟರ್‌ಗೆ ರಿಪೋರ್ಟ್ ಮಾಡಿದ ಸಲ. ಇವು ನಾಲ್ಕೂ ಸೊನ್ನೆ ಇರ್ಬೇಕು. ಒಂದೋ ಎರಡೋ ಇದ್ದು ಅಲ್ಲೇ ನಿಂತಿದ್ರೆ ಆ ಡಿಸ್ಕ್‌ನ ಮೂರನೇ ಕಾಪಿಗೆ ಇಳಿಸಿ, ವಾರ ವಾರ ಏರ್ತಿದ್ರೆ ಅವತ್ತೇ ಹೊಸದು ತಗೊಳ್ಳಿ. 199 ಸಿಆರ್‌ಸಿ ಎರರ್ (ಡೇಟಾ ಸಾಗಿಸುವಾಗ ಆದ ತಪ್ಪು) ಏರ್ತಿದ್ರೆ ಜಾಸ್ತಿ ಸಲ ಡಿಸ್ಕ್ ತಪ್ಪಲ್ಲ, ಕೇಬಲ್ ತಪ್ಪು, ಕೇಬಲ್ ಬದಲಾಯಿಸಿ, ಹಳೇ ಅಂಕಿ ಇಳಿಯಲ್ಲ, ಮುಂದೆ ಏರತ್ತಾ ಅಂತ ಮಾತ್ರ ನೋಡಿ. ಸೀಗೇಟ್ ಡಿಸ್ಕಲ್ಲಿ 1ನೇ ನಂಬರ್ ರೀಡ್ ಎರರ್ ರೇಟ್ ಕೋಟಿಗಟ್ಲೆ ತೋರಿಸತ್ತೆ, ಅದನ್ನ ನೋಡಿ ಎದೆ ಒಡ್ಕೊಂಡವರು ತುಂಬಾ ಜನ, ಅವರು ಆ ಅಂಕಿನ ಲೆಕ್ಕ ಇಡೋ ರೀತಿನೇ ಬೇರೆ, ಏನೂ ಆಗಿರಲ್ಲ.

ಇದೆಲ್ಲಾ ಸೊನ್ನೆ ಇದ್ರೆ ಸೇಫಾ ಅಂದ್ರೆ, ಇಲ್ಲ. 2007ರಲ್ಲಿ ಗೂಗಲ್ ತನ್ನ 1 ಲಕ್ಷಕ್ಕೂ ಹೆಚ್ಚು ಡಿಸ್ಕ್‌ಗಳ ಲೆಕ್ಕ ಪ್ರಕಟಿಸ್ತು, ಅದರಲ್ಲಿ ಸತ್ತ ಡಿಸ್ಕ್‌ಗಳ ಪೈಕಿ 56% ಡಿಸ್ಕಲ್ಲಿ ಸಾವಿನ ಸೂಚನೆ ಕೊಡೋ ಮುಖ್ಯ ನಾಲ್ಕು ಸ್ಮಾರ್ಟ್ ಅಂಕಿಗಳು ಸೊನ್ನೆನೇ ಇದ್ವಂತೆ. ಆದ್ರೆ ಮೊದಲ ಸ್ಕ್ಯಾನ್ ಎರರ್ (ಡಿಸ್ಕ್ ತನ್ನ ಮೇಲ್ಮೈ ತಾನೇ ಓದಿ ನೋಡುವಾಗ ಸಿಗೋ ದೋಷ) ಬಂದ ಡಿಸ್ಕ್ ಮುಂದಿನ 60 ದಿನದಲ್ಲಿ ಸಾಯೋ ಸಾಧ್ಯತೆ, ಎರರ್ ಇಲ್ಲದ ಡಿಸ್ಕಿಗಿಂತ 39 ಪಟ್ಟು ಜಾಸ್ತಿ ಇತ್ತು. ಸ್ಮಾರ್ಟ್ ಕೆಟ್ಟದು ಅಂದ್ರೆ ನಂಬಿ, ಒಳ್ಳೇದು ಅಂದ್ರೆ ಅರ್ಧ ನಂಬಿ.

ಇನ್ನು ಡಿಸ್ಕ್ ಗಟ್ಟಿಯಾಗಿದ್ದೂ ಫೈಲ್ ಕೆಡೋದು ಅಂತ ಒಂದಿದೆ, ಇದರ ಬಗ್ಗೆ ಯಾರೂ ಮಾತಾಡಲ್ಲ. ಕಂಪ್ಯೂಟರಿನ ರ‍್ಯಾಮ್‌ನಲ್ಲಿ ದೋಷ, ಲೂಸ್ ಕೇಬಲ್, ಯುಎಸ್‌ಬಿ ಬೋರ್ಡಿನ ಎಡವಟ್ಟು, ಕಾಪಿ ಮಧ್ಯೆ ಎಳೆದು ತೆಗೆದಿದ್ದು, ಹೀಗೆ ಯಾವುದೋ ಕಾರಣಕ್ಕೆ ಫೋಟೋ ಅರ್ಧ ಬೂದು ಬಣ್ಣ ಆಗಿರತ್ತೆ, ಎರರ್ ಒಂದೂ ಬಂದಿರಲ್ಲ. ಡಿಸ್ಕಲ್ಲಿ ಫೈಲ್ ಜೋಡಿಸಿಡೋ ಪದ್ಧತಿಗೆ ಫೈಲ್ ಸಿಸ್ಟಮ್ ಅಂತಾರೆ, ವಿಂಡೋಸಿನ ಎನ್‌ಟಿಎಫ್‌ಎಸ್, ಎಕ್ಸ್‌ಫ್ಯಾಟ್, ಲಿನಕ್ಸಿನ ಇಎಕ್ಸ್‌ಟಿ4 ಯಾವುದೂ ಫೈಲ್ ಒಳಗಿರೋದು ಬರೆದಾಗ ಇದ್ದ ಹಾಗೇ ಇದೆಯಾ ಅಂತ ನೋಡಲ್ಲ. ಝಡ್‌ಎಫ್‌ಎಸ್ ಮತ್ತೆ ಬಿಟಿಆರ್‌ಎಫ್‌ಎಸ್ ಅನ್ನೋ ಫೈಲ್ ಸಿಸ್ಟಮ್‌ಗಳು ನೋಡ್ತಾವೆ, ಪ್ರತಿ ಬ್ಲಾಕಿಗೂ ಹ್ಯಾಶ್ ಥರದ ಚೆಕ್‌ಸಮ್ ಇಟ್ಕೊಂಡು 'ಸ್ಕ್ರಬ್' ಮಾಡಿದಾಗ ಹೋಲಿಸಿ ಹೇಳ್ತಾವೆ, ಎರಡು ಕಾಪಿ ಇದ್ರೆ ಒಳ್ಳೇದರಿಂದ ಕೆಟ್ಟದ್ದನ್ನ ಸರಿನೂ ಮಾಡ್ತಾವೆ. ನಿಮಗೆ ಅದೆಲ್ಲಾ ಕಲಿಯೋ ತಾಳ್ಮೆ ಇದ್ರೆ ತುಂಬಾ ಒಳ್ಳೇದು, ಇಲ್ಲಾಂದ್ರೆ ಫೋಲ್ಡರ್‌ನಲ್ಲಿರೋ ಎಲ್ಲಾ ಫೈಲಿನ ಎಸ್‌ಎಚ್‌ಎ-256 ಹ್ಯಾಶ್ ಪಟ್ಟಿ ಮಾಡಿ ಆ ಪಟ್ಟಿನ ಎಲ್ಲಾ ಕಾಪಿ ಜೊತೆನೂ ಇಡಿ, ಬಿಟ್ಟಿ ಸಾಫ್ಟ್‌ವೇರ್ ಬೇಕಾದಷ್ಟಿವೆ. ಆರು ತಿಂಗಳಿಗೊಂದ್ಸಲ ಪಟ್ಟಿಗೆ ಹೋಲಿಸಿ, ನೀವು ಮುಟ್ಟದೇ ಇರೋ ಫೋಟೋದ ಹ್ಯಾಶ್ ಬದಲಾಗಿದ್ರೆ ಅದು ಕೆಟ್ಟಿದೆ ಅಂತ ಅರ್ಥ, ಇನ್ನೊಂದು ಡಿಸ್ಕಿಂದ ಒಳ್ಳೇದನ್ನ ತಂದು ಹಾಕಿ. ಹೋಲಿಸೋದಕ್ಕೆ ಮೊದಲು ಎರಡು ಡಿಸ್ಕ್‌ನ ಒಂದೇ ಥರ ಮಾಡೋ ಸಿಂಕ್ ಸಾಫ್ಟ್‌ವೇರ್ ಓಡಿಸ್ಬಿಟ್ರೆ ಕೆಟ್ಟ ಫೈಲ್ ಹೋಗಿ ಒಳ್ಳೇದರ ಮೇಲೆ ಕೂರ್ಬಹುದು, ಡಿಲೀಟ್ ಆಗಿದ್ದಂತೂ ಅಲ್ಲೂ ಡಿಲೀಟ್ ಆಗತ್ತೆ. ಅದಕ್ಕೇ 'ಮಿರರ್' ಮೋಡ್ ಅಂದ್ರೆ ನಂಗೆ ಭಯ, ಹಳೇ ವರ್ಷನ್ ಉಳಿಸ್ಕೊಳ್ಳೋ ಬ್ಯಾಕಪ್ ಸಾಫ್ಟ್‌ವೇರೇ ವಾಸಿ.

ಎಸ್‌ಎಸ್‌ಡಿ ದಿನಾ ಕೆಲಸ ಮಾಡೋ ಕಾಪಿಗೆ ಭೇಷ್, ಬಿದ್ರೂ ಪರವಾಗಿಲ್ಲ, ಸ್ಪೀಡೂ ಇದೆ. ಬೀರುನಲ್ಲಿ ಇಡೋಕೆ ಬೇಡ. ಅದರಲ್ಲಿ ಡೇಟಾ ಇರೋದು ಸಣ್ಣ ಸಣ್ಣ ಸೆಲ್‌ನಲ್ಲಿ ಹಿಡಿದಿಟ್ಟ ವಿದ್ಯುತ್ ಚಾರ್ಜ್ ರೂಪದಲ್ಲಿ, ಪವರ್ ಕೊಡದೇ ಇಟ್ರೆ ಅದು ನಿಧಾನಕ್ಕೆ ಸೋರತ್ತೆ, ಬಿಸಿ ಜಾಗದಲ್ಲಿ ಬೇಗ. ಚಿಪ್ ಉದ್ಯಮದ ಮಾನದಂಡ ಮಾಡೋ ಜೆಡೆಕ್ ಸಂಸ್ಥೆಯ ಸ್ಟ್ಯಾಂಡರ್ಡ್ ಪ್ರಕಾರ ಮನೆ ಬಳಕೆ ಎಸ್‌ಎಸ್‌ಡಿ, ಅದರ ಬರೆಯೋ ಮಿತಿ ಪೂರ್ತಿ ಮುಗಿದ ಮೇಲೆ, 30 ಡಿಗ್ರಿ ಸೆಲ್ಸಿಯಸ್‌ನಲ್ಲಿ ಪವರ್ ಇಲ್ಲದೇ 1 ವರ್ಷ ಡೇಟಾ ಇಟ್ಕೊಂಡ್ರೆ ಸಾಕು. ಹೊಸ ಎಸ್‌ಎಸ್‌ಡಿ ಅದಕ್ಕಿಂತ ತುಂಬಾ ಜಾಸ್ತಿ ಇಟ್ಕೊಳತ್ತೆ, ಆದ್ರೂ ಸತ್ರೆ ಸದ್ದಿಲ್ಲದೇ ಒಂದೇ ಸಲ ಸಾಯೋದು ಜಾಸ್ತಿ, ರಿಕವರಿನೂ ಕಷ್ಟ. ಪೆನ್ ಡ್ರೈವ್ ಬಗ್ಗೆ ಮಾತೇ ಬೇಡ.

ಡಿಸ್ಕ್ ತಗೊಳ್ಳೋವಾಗ ಎಸ್‌ಎಂಆರ್ ಅಂದ್ರೆ ಟ್ರ್ಯಾಕ್ ಮೇಲೆ ಟ್ರ್ಯಾಕ್ ಹತ್ತಿಸಿ ಬರೆಯೋ ಥರದ್ದಾ ಅಂತ ನೋಡಿ. ಒಂದ್ಸಲ ಬರೆದು ಇಡೋ ಬ್ಯಾಕಪ್‌ಗೆ ತೊಂದ್ರೆ ಇಲ್ಲ, ನಿಧಾನ ಅಷ್ಟೇ, ರೇಡ್‌ಗೆ (ಹಲವು ಡಿಸ್ಕ್ ಸೇರಿಸಿ ಒಂದೇ ಡಿಸ್ಕ್ ಥರ ಓಡಿಸೋದು), ಝಡ್‌ಎಫ್‌ಎಸ್‌ಗೆ ಮಾತ್ರ ಬೇಡ. ಹೊಸದು ಮನೆಗೆ ಬಂದ ತಕ್ಷಣ 'ಪವರ್ ಆನ್ ಅವರ್ಸ್' ನೋಡಿ, ಹೊಸದು ಅಂತ ಕೊಟ್ಟಿದ್ರಲ್ಲಿ ಸಾವಿರಾರು ಗಂಟೆ ಇದ್ರೆ ವಾಪಸ್ ಕೊಡಿ. ಆಮೇಲೆ ಡೇಟಾ ಹಾಕೋಕೆ ಮೊದ್ಲು ಎಚ್2ಟೆಸ್ಟ್‌ಡಬ್ಲ್ಯೂ ಥರದ ಟೆಸ್ಟ್ ಸಾಫ್ಟ್‌ವೇರಿಂದ ಪೂರ್ತಿ ತುಂಬಿಸಿ ವಾಪಸ್ ಓದಿಸಿ, ನಕಲಿ ಕೆಪಾಸಿಟಿದೂ ಸಿಕ್ಕಿಬೀಳತ್ತೆ, ಹುಟ್ಟಿಂದ್ಲೇ ದೋಷ ಇರೋದೂ ಸಿಕ್ಕಿಬೀಳತ್ತೆ. 4 ಟಿಬಿ ಡಿಸ್ಕ್ ವಿಂಡೋಸಲ್ಲಿ 3.63 ಅಂತ ಕಾಣೋದು ಮೋಸ ಅಲ್ಲ, ಕಂಪನಿ 1000ದ ಲೆಕ್ಕ, ವಿಂಡೋಸ್ 1024ರ ಲೆಕ್ಕ. ಕೆಲವು ಎಕ್ಸ್‌ಟರ್ನಲ್ ಡಿಸ್ಕಲ್ಲಿ ಡಬ್ಬದ ಬೋರ್ಡೇ ಡೇಟಾನ ಕೀ ಇಲ್ಲದೇ ಓದೋಕಾಗದ ಹಾಗೆ ಎನ್‌ಕ್ರಿಪ್ಟ್ ಮಾಡಿರತ್ತೆ, ನೀವು ಪಾಸ್‌ವರ್ಡ್ ಹಾಕದೇ ಇದ್ರೂ, ಬೋರ್ಡ್ ಸತ್ರೆ ಒಳಗಿನ ಡಿಸ್ಕ್ ತೆಗೆದು ಬೇರೆ ಕಡೆ ಹಾಕಿ ಓದೋಕಾಗಲ್ಲ, ಅಂಥದ್ದನ್ನ ಇರೋ ಒಂದೇ ಕಾಪಿಗೆ ಬಳಸ್ಬೇಡಿ. ಅಡಾಪ್ಟರ್ ಮೇಲೆ ಯಾವ ಡಿಸ್ಕಿಂದು ಅಂತ ಚೀಟಿ ಅಂಟಿಸಿ, ದೊಡ್ಡ ಎಕ್ಸ್‌ಟರ್ನಲ್ ಡಿಸ್ಕಿಗೆ 12 ವೋಲ್ಟ್, ಲ್ಯಾಪ್‌ಟಾಪಿಂದು ಸಾಮಾನ್ಯವಾಗಿ 19, ಪಿನ್ ಎರಡೂ ಒಂದೇ ಸೈಜ್ ಇದ್ದು ಅದನ್ನ ಇದಕ್ಕೆ ಚುಚ್ಚಿದ್ರೆ ಬೋರ್ಡ್ ಸುಟ್ಟೋಗತ್ತೆ.

ಇಡೋ ಜಾಗ ತಂಪಾಗಿ ಒಣಗಿದ್ರೆ ಸಾಕು, ಆಂಟಿಸ್ಟ್ಯಾಟಿಕ್ ಕವರ್, ಒಂದು ಸಿಲಿಕಾ ಜೆಲ್ ಪೊಟ್ಟಣ. ತುಂಬಾ ತಣ್ಣಗಿರೋ ಕಡೆಯಿಂದ ತಂದ್ರೆ ಕೆಲವು ಗಂಟೆ ಬಿಟ್ಟು ಆನ್ ಮಾಡಿ, ಒಳಗೆ ಪಸೆ ಹಿಡಿದಿರತ್ತೆ. ಓಡೋವಾಗ 25ರಿಂದ 45 ಡಿಗ್ರಿ ಒಳಗಿದ್ರೆ ಆರಾಮ.

ಎಷ್ಟು ಕಾಪಿ ಅಂದ್ರೆ, ಫೋಟೋಗ್ರಾಫರ್ ಪೀಟರ್ ಕ್ರೋಗ್ ಹೇಳಿ ಜನಪ್ರಿಯ ಆದ 3-2-1 ಲೆಕ್ಕ ಇದೆ, ಒಟ್ಟು ಮೂರು ಕಾಪಿ, ಎರಡು ಥರದ ಮೀಡಿಯಾ, ಒಂದು ಮನೆಯಿಂದ ಹೊರಗೆ. ನಿಮ್ಮ 3 ಟಿಬಿಗೆ ಹೀಗೆ ಮಾಡ್ಬಹುದು, ಒಂದು ಕೆಲಸದ ಕಾಪಿ ಕಂಪ್ಯೂಟರ್‌ನಲ್ಲಿ, ಎರಡು ಎಕ್ಸ್‌ಟರ್ನಲ್, ಅದರಲ್ಲಿ ಒಂದು ನಂಬಿಕಸ್ತ ನೆಂಟರ ಮನೆಯಲ್ಲಿ, ಹೋದಾಗೆಲ್ಲಾ ಅದಲು ಬದಲು ಮಾಡ್ಕೊಂಡು ಬನ್ನಿ, ಇಲ್ಲಾ ಹೊರಗಿನ ಕಾಪಿ ಕ್ಲೌಡಲ್ಲಿ ಇರ್ಲಿ. ಹೊರಗಡೆ ಇಡೋದನ್ನ ಎನ್‌ಕ್ರಿಪ್ಟ್ ಮಾಡಿದ್ರೆ ರಿಕವರಿ ಕೀ ಕಾಗದದ ಮೇಲೆ ಬರೆದು ಮನೆಯವರಿಗೂ ಎಲ್ಲಿದೆ ಅಂತ ಹೇಳಿ, ಇಪ್ಪತ್ತು ವರ್ಷದ ಮಾತು ಇದು, ಆ ಡಿಸ್ಕ್ ತೆಗೆಯೋರು ನೀವೇ ಆಗಿರ್ತೀರ ಅಂತ ಇಲ್ಲ. ರೇಡ್ ಬ್ಯಾಕಪ್ ಅಲ್ಲ, ಡಿಸ್ಕ್ ಸತ್ತಾಗ ಕೆಲಸ ನಿಲ್ಲದೇ ಇರೋಕೆ ಅದು, ಡಿಲೀಟ್, ಬೆಂಕಿ, ಕಳ್ಳತನಕ್ಕೆ ಅದರಿಂದ ಏನೂ ಆಗಲ್ಲ. ಐದಾರು ವರ್ಷಕ್ಕೊಂದು ಹೊಸ ಡಿಸ್ಕ್ ತಂದು ಎಲ್ಲಾ ಅದಕ್ಕೆ ದಾಟಿಸಿ ಹಳೇದನ್ನ ಹೆಚ್ಚುವರಿ ಕಾಪಿ ಮಾಡ್ಕೊಳ್ಳಿ. ಹಳೇ ಐಡಿಇ (ಈಗ ಬಳಕೆಯಲ್ಲಿಲ್ಲದ ಕನೆಕ್ಟರ್) ಡಿಸ್ಕ್ ಇಟ್ಕೊಂಡವರನ್ನ ಕೇಳಿ ನೋಡಿ, ಡಿಸ್ಕ್ ಚೆನ್ನಾಗೇ ಇರತ್ತೆ, ಚುಚ್ಚೋಕೆ ಕಂಪ್ಯೂಟರಲ್ಲಿ ಜಾಗಾನೇ ಇರಲ್ಲ. ಇದೇ ಲೆಕ್ಕದಲ್ಲಿ 20 ವರ್ಷಕ್ಕೆ ಮೂರ್ನಾಲ್ಕು ತಲೆಮಾರು ಡಿಸ್ಕ್ ಆಗತ್ತೆ, ಡೇಟಾ ಒಂದೇ.

ಇಷ್ಟಾದ್ರೂ ಒಂದಿನ ಡಿಸ್ಕ್ ಟಿಕ್ ಟಿಕ್ ಅಂತ ಬಡ್ಕೊಂಡು ಓಪನ್ ಆಗ್ಲಿಲ್ಲ ಅಂದ್ರೆ, ಬೇರೆ ಕಾಪಿ ಇದ್ರೆ ಈ ಕೆಟ್ಟ ಡಿಸ್ಕ್‌ನ ಎಸೆದು ಹೊಸದು ತನ್ನಿ. ಕಾಪಿ ಇಲ್ಲ ಅಂದ್ರೆ ತಕ್ಷಣ ಪವರ್ ತೆಗೀರಿ, ಇನ್ನೊಂದ್ಸಲ ಆನ್ ಮಾಡಿ ನೋಡೋಣ ಅಂತ ಮಾಡಿದ ಪ್ರತಿ ಸಲಾನೂ ಪ್ಲ್ಯಾಟರ್ ಇನ್ನಷ್ಟು ಕೆರೆದುಹೋಗ್ಬಹುದು. ಫ್ರಿಜ್ಜಲ್ಲಿ ಇಡೋದು, ಮುಚ್ಚಳ ಬಿಚ್ಚೋದು, ತಟ್ಟೋದು ಯಾವುದೂ ಬೇಡ, ರಿಕವರಿ ಲ್ಯಾಬಿಗೆ ಕೊಡಿ, ಅವರು ಧೂಳಿಲ್ಲದ ಕೋಣೆಯಲ್ಲಿ ಹೆಡ್ ಬದಲಾಯಿಸಿ ನೋಡ್ತಾರೆ. ಸದ್ದಿಲ್ಲ, ಡಿಸ್ಕ್ ಕಾಣಿಸತ್ತೆ, ಓದೋಕೆ ಮಾತ್ರ ತಿಣುಕಾಡ್ತಿದೆ ಅಂದ್ರೆ ಎಲ್ಲರೂ ಮಾಡೋ ಹಾಗೆ ಮೊದ್ಲೇ ವಿಂಡೋಸಿನ ರಿಪೇರಿ ಟೂಲ್ ಚೆಕ್‌ಡಿಸ್ಕ್ ಓಡಿಸ್ಬೇಡಿ, ಅದು ರಿಪೇರಿ ಅಂತ ಸಾಯ್ತಿರೋ ಡಿಸ್ಕ್ ಮೇಲೇ ಬರೆಯೋಕೆ ಹೋಗತ್ತೆ. ಲಿನಕ್ಸ್‌ನಿಂದ ಬೂಟ್ ಮಾಡಿ ಡಿಡಿರೆಸ್ಕ್ಯೂ ಅನ್ನೋ ಸಾಫ್ಟ್‌ವೇರಲ್ಲಿ ಇಡೀ ಡಿಸ್ಕಿನ ಇಮೇಜ್ (ಇದ್ದ ಹಾಗೇ ತೆಗೆದ ನಕಲು) ಅದಕ್ಕಿಂತ ದೊಡ್ಡ ಡಿಸ್ಕಿಗೆ ತೆಗೀರಿ, ಅದು ಸುಲಭವಾಗಿ ಸಿಗೋದನ್ನೆಲ್ಲಾ ಮೊದ್ಲು ಎತ್ಕೊಂಡು ಕೆಟ್ಟ ಜಾಗನ ಕೊನೆಗೆ ಪ್ರಯತ್ನ ಮಾಡತ್ತೆ, ಮಧ್ಯೆ ನಿಂತ್ರೂ ಮ್ಯಾಪ್ ಫೈಲ್ (ಎಲ್ಲಿ ತನಕ ಓದಿದೆ ಅನ್ನೋ ದಾಖಲೆ) ಇಟ್ಟಿದ್ರೆ ನಿಂತಲ್ಲಿಂದ ಮುಂದುವರಿಯತ್ತೆ, ಆಮೇಲೆ ಏನೇ ರಿಪೇರಿ ಮಾಡೋದಿದ್ರೂ ಆ ಇಮೇಜಿನ ಇನ್ನೊಂದು ಕಾಪಿ ಮೇಲೆ ಮಾಡಿ.